ಮೂಗು ಕಟ್ಟಿದಾಗ ಓದು ಯಾಕೆ ತಲೆಗೆ ಹತ್ತಲ್ಲ? ಅಲರ್ಜಿ ಇರುವ ಹುಡುಗ ಹುಡುಗಿಯರಿಗೆ

"ಅಣ್ಣಾ, ಸೀನಿಗೆ ಒಂದು ಗುಳಿಗೆ ಕೊಡ್ರಿ. ನಿದ್ದೆ ಬರ್ಲಾರದಂಥದ್ದು."

ಬಳ್ಳಾರಿಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಅಕ್ಕಪಕ್ಕ ಮೂರ್ನಾಲ್ಕು ಪಿಜಿ, ಎರಡು ಕೋಚಿಂಗ್ ಸೆಂಟರ್. ಈ ಮಾತು ದಿನಕ್ಕೆ ಐದಾರು ಸಲ ಕಿವಿಗೆ ಬೀಳುತ್ತದೆ. ಹಾಗೆ ಗುಳಿಗೆ ಒಯ್ದವರಲ್ಲಿ ಸುಮಾರು ಜನ ವಾರ ಬಿಟ್ಟು ಮತ್ತೆ ಬಂದು ಇನ್ನೊಂದು ಕೇಳುತ್ತಾರೆ: "ಓದಾಕ ಕುಂತ್ರ ತಲಿ ಮಬ್ಬು ಹಿಡದಂಗ ಆಗ್ತೈತಿ, ಒಂದೇ ಪುಟ ನಾಕು ಸಲ ಓದಿದ್ರೂ ಏನೂ ಉಳಿಯಂಗಿಲ್ಲ, ಟಾನಿಕ್ ಏನಾರ ಐತೇನು?"

ಟಾನಿಕ್ ಇಲ್ಲ. ಆದರೆ ಮೊದಲ ಪ್ರಶ್ನೆಗೂ ಎರಡನೆಯದಕ್ಕೂ ಸಂಬಂಧ ಇದೆ ಅಂತ ಇವರಿಗೆ ಹೊಳೆದೇ ಇರುವುದಿಲ್ಲ. ಮನೆಯಲ್ಲಿ ಬೇರೆ "ಓದೋ ಮನಸ್ಸಿಲ್ಲ, ಸೀನು ನೆಪ" ಅಂತ ಬೈಸಿಕೊಂಡು ಬಂದಿರುತ್ತಾರೆ. ಕೌಂಟರ್‌ನಲ್ಲಿ ನಿಂತು ಎಲ್ಲರಿಗೂ ಇಷ್ಟು ಉದ್ದ ಹೇಳಲು ಆಗುವುದಿಲ್ಲ, ಹಿಂದೆ ಗಿರಾಕಿ ನಿಂತಿರುತ್ತಾರೆ. ಅದಕ್ಕೇ ಬರೆದಿಟ್ಟಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಎಲ್ಲಿ ಡಾಕ್ಟರ್ ಬೇಕೋ ಅಲ್ಲಿ ಹಾಗಂತಲೇ ಹೇಳುತ್ತೇನೆ.

ಒಳಗೆ ಏನು ನಡೆಯುತ್ತದೆ

ಪರಾಗ (ಹೂವಿನ ಪುಡಿ), ಗಾದಿಯೊಳಗಿನ ಧೂಳುಹುಳ, ಬೂಷ್ಟು, ಬೆಕ್ಕು ನಾಯಿಯ ಚರ್ಮದ ಹೊಟ್ಟು. ಇವು ಬಹಳ ಜನರಿಗೆ ಏನೂ ಮಾಡುವುದಿಲ್ಲ. ಅಲರ್ಜಿ ಇರುವವರ ದೇಹ ಮಾತ್ರ ಇವನ್ನು ವೈರಿ ಅಂದುಕೊಂಡು ಐಜಿಇ ಎಂಬ ಪ್ರತಿಕಾಯ ಮಾಡಿಟ್ಟುಕೊಂಡಿರುತ್ತದೆ. ಪ್ರತಿಕಾಯ ಅಂದರೆ ವೈರಿಯನ್ನು ಗುರುತು ಹಿಡಿಯುವ ಕಾವಲುಗಾರ ಅಂದುಕೊಳ್ಳಿ. ಆ ವಸ್ತು ಮತ್ತೆ ಮೂಗಿಗೆ ತಾಗಿದರೆ ಕೆಲವೇ ನಿಮಿಷದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ತುರಿಕೆ, ಸಾಲು ಸಾಲು ಸೀನು, ನೀರಿನಂಥ ಸಿಂಬಳ ಎಲ್ಲ ಅದರದ್ದೇ. ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ ಎರಡನೇ ಸುತ್ತು ಬರುತ್ತದೆ, ಆಗ ಮೂಗಿನ ಒಳಪೊರೆ ಊದಿ ಮೂಗು ಕಟ್ಟುತ್ತದೆ. ಸಂಜೆ ಮೈದಾನದಲ್ಲಿ ಕ್ರಿಕೆಟ್ ಆಡಿದವನಿಗೆ ನಡುರಾತ್ರಿ ಮೂಗು ಕಟ್ಟಿದರೆ ಅವನು ರಾತ್ರಿ ಕುಡಿದ ಮಜ್ಜಿಗೆಯನ್ನು ಬೈಯುತ್ತಾನೆ!

ಓದು ಕೆಡುವುದು ಮೂರು ದಾರಿಯಲ್ಲಿ.

ಮೊದಲನೆಯದು ನಿದ್ದೆ. ಮಲಗಿದಾಗ ಮೂಗಿನ ಕಟ್ಟು ಜಾಸ್ತಿಯಾಗುತ್ತದೆ, ಬಾಯಲ್ಲಿ ಉಸಿರಾಡಬೇಕಾಗುತ್ತದೆ, ನಿದ್ದೆ ತುಂಡು ತುಂಡಾಗುತ್ತದೆ. ಎಚ್ಚರವಾಗಿದ್ದು ನಿಮಗೆ ನೆನಪೂ ಇರುವುದಿಲ್ಲ. ಎಂಟು ಗಂಟೆ ಮಲಗಿ ಎದ್ದರೂ ಬಾಯಿ ಒಣಗಿ, ತಲೆ ಭಾರ ಅನ್ನಿಸಿದರೆ ಇದೇ ಅಂತ ತಿಳಿಯಿರಿ. ಎರಡನೆಯದು ಸೀನು ಮತ್ತು ತುರಿಕೆ. ಒಂದು ಲೆಕ್ಕ ಅರ್ಧಕ್ಕೆ ಬಂದಾಗ ಐದು ಸೀನು ಬಂದರೆ ಲೆಕ್ಕವನ್ನು ಮೊದಲಿನಿಂದ ಶುರು ಮಾಡಬೇಕು, ಅಷ್ಟೇ ವಿಷಯ. ಮೂರನೆಯದು ಗುಳಿಗೆ. ನನ್ನ ಅನುಭವದಲ್ಲಿ ಜನ ಯೋಚನೆಯನ್ನೇ ಮಾಡದ ದಾರಿ ಇದು.

2007ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಪ್ರಕಟವಾಯಿತು. 15ರಿಂದ 17 ವರ್ಷದ 1,834 ವಿದ್ಯಾರ್ಥಿಗಳನ್ನು ಹಿಡಿದು, ಪರಾಗದ ಕಾಲದಲ್ಲಿ ಬರುವ ದೊಡ್ಡ ಪರೀಕ್ಷೆಯ ಗ್ರೇಡನ್ನು ಅದಕ್ಕೂ ಮೊದಲಿನ ಅಭ್ಯಾಸ ಪರೀಕ್ಷೆಯ ಗ್ರೇಡಿನ ಜೊತೆ ಇಟ್ಟು ನೋಡಿದರು. ಅಲರ್ಜಿ ಲಕ್ಷಣ ಇದ್ದವರಲ್ಲಿ ಗ್ರೇಡ್ ಕುಸಿಯುವ ಸಾಧ್ಯತೆ ಜಾಸ್ತಿ ಇತ್ತು. ನಿದ್ದೆ ತರುವ ಅಲರ್ಜಿ ಗುಳಿಗೆ ನುಂಗುತ್ತಿದ್ದವರಲ್ಲಿ ಅದಕ್ಕಿಂತಲೂ ಜಾಸ್ತಿ. ಅಲ್ಲಿಯ ಹುಲ್ಲಿನ ಪರಾಗ ಬೇರೆ, ನಮ್ಮ ಧೂಳು ಬೇರೆ, ಒಪ್ಪೋಣ. ಗುಳಿಗೆ ಮಾತ್ರ ಎರಡೂ ಕಡೆ ಒಂದೇ.

ಬೇಕಾಗುವ ಸಾಮಾನು: ಒಂದು ಹಳೇ ನೋಟ್‌ಬುಕ್, ಪೆನ್ನು, ನೀವು ಈಗ ನುಂಗುತ್ತಿರುವ ಗುಳಿಗೆಯ ಶೀಟು, ಅರ್ಧ ಲೀಟರ್ ಕುದಿಸಿದ ನೀರು, ಉಪ್ಪು, ಮತ್ತು ಬಿಸಿಲು. ಬಿಸಿಲಿಗೆ ನಮ್ಮ ಕಡೆ ಬರ ಇಲ್ಲ.

ಹಂತ 1: ಇದು ಅಲರ್ಜಿನೇ ಹೌದಾ?

ನೆಗಡಿ ಏಳೆಂಟು ದಿನದಲ್ಲಿ, ಹೆಚ್ಚೆಂದರೆ ಹತ್ತು ದಿನದಲ್ಲಿ ಇಳಿಯುತ್ತದೆ. ಮೈಕೈ ನೋವು, ಸ್ವಲ್ಪ ಜ್ವರ ಇರಬಹುದು. ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ. ಮೂಗು, ಕಣ್ಣು, ಅಂಗುಳ ತುರಿಸುತ್ತದೆ, ಬೆಳಿಗ್ಗೆ ಎದ್ದ ಕೂಡಲೇ ಸೀನು ಶುರು, ಸಿಂಬಳ ತಿಳಿನೀರಿನ ಹಾಗೆ. ವಾರಗಟ್ಟಲೆ ಎಳೆಯುತ್ತದೆ, ಇಲ್ಲವೇ ಒಂದೇ ಜಾಗಕ್ಕೆ ಹೋದಾಗಲೆಲ್ಲ ಬರುತ್ತದೆ. ಅಪ್ಪ ಅಮ್ಮನಿಗೆ ಉಬ್ಬಸ ಅಥವಾ ಇಂಥದ್ದೇ ಸೀನು ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ.

ಇವು ಕಂಡರೆ ಮುಂದಿನ ಹಂತ ಬಿಟ್ಟು ಸೀದಾ ಡಾಕ್ಟರ್ ಹತ್ತಿರ ಹೋಗಿ: ಎದೆಯಲ್ಲಿ ಸೀಟಿ ಹೊಡೆದ ಸದ್ದು, ರಾತ್ರಿ ಕೆಮ್ಮು, ಮೆಟ್ಟಿಲು ಹತ್ತಿದರೆ ದಮ್ಮು, ಯಾವಾಗಲೂ ಒಂದೇ ಹೊಳ್ಳೆ ಕಟ್ಟುವುದು, ಮೂಗಿನಿಂದ ರಕ್ತ, ಮುಖ ನೋವಿನ ಜೊತೆ ಹಳದಿ ಹಸಿರು ಸಿಂಬಳ ಮತ್ತು ಜ್ವರ. ಮೂಗು ಮತ್ತು ಶ್ವಾಸಕೋಶ ಒಂದೇ ಕೊಳವೆಯ ಎರಡು ತುದಿ. ಉಬ್ಬಸ ಇರುವ ಬಹಳ ಜನರಿಗೆ ಮೂಗಿನ ಅಲರ್ಜಿಯೂ ಇರುತ್ತದೆ, ಅದಕ್ಕೇ ದಮ್ಮನ್ನು ಹಗುರಾಗಿ ತಗೊಳ್ಳಬೇಡಿ.

ಇನ್ನೊಂದು ಮಾತು. ಓದು ಹತ್ತದಿರಲು ಬೇರೆ ಕಾರಣಗಳೂ ಇವೆ. ರಕ್ತ ಕಡಿಮೆ ಇರಬಹುದು (ನಮ್ಮ ಹೆಣ್ಣುಮಕ್ಕಳಲ್ಲಿ ಇದು ಬಹಳ), ಥೈರಾಯ್ಡ್ ಇರಬಹುದು, ಮನಸ್ಸಿಗೆ ಬೇಸರ ಕವಿದಿರಬಹುದು, ಅಥವಾ ರಾತ್ರಿ ಒಂದರವರೆಗೆ ಮೊಬೈಲ್ ಇರಬಹುದು. ಎಲ್ಲವನ್ನೂ ಮೂಗಿನ ತಲೆಗೆ ಕಟ್ಟಬೇಡಿ.

ಹಂತ 2: ಹತ್ತು ದಿನ ಬರೆದಿಡಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ, ದಿನಕ್ಕೆ ಎರಡು ನಿಮಿಷದ ಕೆಲಸ. ಸೀನು, ಮೂಗಿನ ಕಟ್ಟು, ನಿದ್ದೆ ಹಾಳಾಗಿದ್ದು, ಈ ಮೂರಕ್ಕೂ 0ಯಿಂದ 3ರವರೆಗೆ ಅಂಕ ಕೊಡಿ. 0 ಅಂದರೆ ಏನೂ ಇಲ್ಲ, 3 ಅಂದರೆ ತಡೆಯಲು ಆಗಲ್ಲ. ಪಕ್ಕದಲ್ಲಿ ಗುಳಿಗೆಯ ಹೆಸರು ಮತ್ತು ಗಂಟೆ. ಕೊನೆಗೆ ಓದು: ಕೂತ ಮೇಲೆ ಎಷ್ಟು ನಿಮಿಷಕ್ಕೆ ಗಮನ ಜಾರಿತು. ಅಂದಾಜು ಸಾಕು.

ಒಬ್ಬ ಹುಡುಗ ನನಗೆ ತೋರಿಸಿದ ನೋಟ್‌ಬುಕ್‌ನ ಸಾಲು ಹೀಗಿತ್ತು: "ಮಂಗಳವಾರ. ಸೀನು 3, ಕಟ್ಟು 2, ನಿದ್ದೆ 1. ಬೆಳಿಗ್ಗೆ ರೂಮ್ ಗುಡಿಸಿದ್ದು ನಾನೇ. 9ಕ್ಕೆ ಹಳದಿ ಗುಳಿಗೆ. 10ರಿಂದ ಓದು, 15 ನಿಮಿಷಕ್ಕೆ ಔಟ್. ಮಧ್ಯಾಹ್ನ ಮಲಗಿದೆ." ಅದರ ಕೆಳಗೆ ಬುಧವಾರ: "ಸೀನು 2, ಗುಳಿಗೆ ಇಲ್ಲ, 40 ನಿಮಿಷ." ಸೀನುತ್ತಲೇ ಓದಿದ ದಿನ ಗುಳಿಗೆ ನುಂಗಿದ ದಿನಕ್ಕಿಂತ ಚೆನ್ನಾಗಿ ಓದಿದ್ದಾನೆ! ಇದನ್ನು ನಾನು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ, ಅವನದೇ ಅಕ್ಷರ ಹೇಳಿತು.

ಹತ್ತು ದಿನದ ನಂತರ ನೋಡಿ. ನಿದ್ದೆಯ ಅಂಕ ಜಾಸ್ತಿ ಇರುವ ಮರುದಿನಗಳಲ್ಲಿ ಓದು ಕೆಟ್ಟಿದ್ದರೆ ಹಂತ 4 ಮತ್ತು 6 ನಿಮಗೆ ಮುಖ್ಯ. ಗುಳಿಗೆ ನುಂಗಿದ ದಿನಗಳೇ ಕೆಟ್ಟಿದ್ದರೆ ಹಂತ 3. ಯಾವುದಕ್ಕೂ ತಾಳೆ ಆಗದಿದ್ದರೆ ಮೇಲೆ ಹೇಳಿದ ಬೇರೆ ಕಾರಣ ಹುಡುಕಿ.

ಹಂತ 3: ಗುಳಿಗೆ ಶೀಟಿನ ಹಿಂಭಾಗ ಓದಿ

ಮುಂದೆ ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಇರುತ್ತದೆ, ಕಾಣದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ.

ಕ್ಲೋರ್‌ಫೆನಿರಮೈನ್, ಅಂಗಡಿಯಲ್ಲಿ ಸಿಪಿಎಂ ಅನ್ನುವುದು. ಫೆನಿರಮೈನ್, ಅವಿಲ್ ಅಂತ ಕೇಳಿ ಒಯ್ಯುವುದು. ಡೈಫೆನ್‌ಹೈಡ್ರಮೈನ್, ಕೆಲವು ಕೆಮ್ಮಿನ ಸಿರಪ್ಪಿನಲ್ಲಿ ಇರುತ್ತದೆ. ಇವು ಹಳೇ ಪೀಳಿಗೆಯ ಅಲರ್ಜಿ ಔಷಧಗಳು. ಮೂಗಿನಲ್ಲಿ ತೊಂದರೆ ಕೊಡುವ ಅದೇ ಹಿಸ್ಟಮಿನ್ ಮಿದುಳಿನಲ್ಲಿ ನಿಮ್ಮನ್ನು ಎಚ್ಚರ ಇಡುವ ಕೆಲಸ ಮಾಡುತ್ತದೆ. ಹಳೇ ಔಷಧ ಮಿದುಳಿಗೂ ಹೊಕ್ಕು ಅಲ್ಲಿಯೂ ಅದನ್ನು ತಡೆಯುತ್ತದೆ. ನಿದ್ದೆ, ಮಂಕು, ಮರೆವು ಬರುವುದು ಇದರಿಂದ. "ರಾತ್ರಿ ನುಂಗ್ತೀನಿ ಬಿಡಣ್ಣ, ಹಗಲು ಏನಾಗಲ್ಲ" ಅಂತಾರೆ. ಸಿಪಿಎಂ ದೊಡ್ಡವರ ದೇಹದಲ್ಲಿ ಅರ್ಧ ಕರಗಲಿಕ್ಕೇ ಸುಮಾರು 20 ಗಂಟೆ ಬೇಕು. ರಾತ್ರಿ ಹತ್ತಕ್ಕೆ ನುಂಗಿದ್ದು ಬೆಳಿಗ್ಗೆ ಕ್ಲಾಸಿಗೆ ನಿಮ್ಮ ಜೊತೆಯೇ ಬರುತ್ತದೆ.

ಅಂಗಡಿಯಲ್ಲಿ "ನೆಗಡಿ ಗುಳಿಗೆ" ಅಂತ ಕೊಡುವ ಮಿಶ್ರಣದಲ್ಲಿ ಬಹಳ ಸಲ ಇದೇ ಸಿಪಿಎಂ, ಜೊತೆಗೆ ಪ್ಯಾರಾಸಿಟಮಾಲ್ ಮತ್ತು ಮೂಗಿನ ಕಟ್ಟಿಗೆ ಅಂತ ಹಾಕುವ ಫಿನೈಲ್‌ಎಫ್ರಿನ್ ಇರುತ್ತವೆ. ಅಲರ್ಜಿಗೆ ಪ್ಯಾರಾಸಿಟಮಾಲ್ ಯಾಕೆ ಬೇಕು? ಬೇಡ. ಸುಮ್ನೆ ನುಂಗುತ್ತಿದ್ದೀರಿ, ಅಷ್ಟೇ.

"ನನಗೆ ನಿದ್ದೆ ಬರಲ್ಲ, ರೂಢಿ ಆಗಿದೆ" ಅನ್ನುವವರಿಗೆ ಇದು. 2000ರಲ್ಲಿ ಅಮೆರಿಕದ ಅಯೋವಾದಲ್ಲಿ ಕಾರಿನಂಥದೇ ಯಂತ್ರದಲ್ಲಿ ಜನರನ್ನು ಕೂರಿಸಿ ಓಡಿಸಿ ನೋಡಿದ ಪರೀಕ್ಷೆಯ ಫಲಿತಾಂಶ ಬಂತು. ಡೈಫೆನ್‌ಹೈಡ್ರಮೈನ್ ನುಂಗಿದವರ ಓಡಿಸುವಿಕೆ ಮದ್ಯ ಕುಡಿದವರಿಗಿಂತಲೂ ಕೆಟ್ಟಿತ್ತು. "ನಿದ್ದೆ ಬರ್ತಿದೆಯಾ" ಅಂತ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರಕ್ಕೂ ಅವರು ಮಾಡಿದ ತಪ್ಪುಗಳಿಗೂ ಸರಿಯಾದ ತಾಳೆ ಇರಲಿಲ್ಲ. ಅಂದರೆ ಮಬ್ಬು ಇದ್ದವನಿಗೆ ಮಬ್ಬು ಗೊತ್ತಾಗಲ್ಲ. ಅದನ್ನು ನುಂಗಿ ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ನಡುವೆ ಬೈಕ್ ಓಡಿಸಬೇಡಿ.

ಹೊಸ ಪೀಳಿಗೆಯವು: ಸೆಟ್ರಿಜಿನ್, ಲಿವೋಸೆಟ್ರಿಜಿನ್, ಲೊರಾಟಡಿನ್, ಫೆಕ್ಸೋಫೆನಡಿನ್, ಬಿಲಾಸ್ಟಿನ್. ಇವುಗಳಲ್ಲೂ ಎಲ್ಲ ಒಂದೇ ಅಲ್ಲ. ಸೆಟ್ರಿಜಿನ್ ಕೆಲವರಿಗೆ ನಿದ್ದೆ ತರುತ್ತದೆ, ಲಿವೋಸೆಟ್ರಿಜಿನ್ ಕೂಡ. ಫೆಕ್ಸೋಫೆನಡಿನ್ ಮತ್ತು ಬಿಲಾಸ್ಟಿನ್ ಮಿದುಳಿಗೆ ತೀರಾ ಕಡಿಮೆ ಹೋಗುತ್ತವೆ, ಓದುವವರಿಗೆ ಇವು ಮೇಲು. ಡಾಕ್ಟರ್ ಹತ್ತಿರ ಹೋದಾಗ "ಪರೀಕ್ಷೆ ಇದೆ, ನಿದ್ದೆ ತರದ್ದು ಬರೆದುಕೊಡಿ" ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ನುಂಗುವ ರೀತಿಯಲ್ಲೂ ತಪ್ಪಾಗುತ್ತದೆ. ಫೆಕ್ಸೋಫೆನಡಿನ್ ಅನ್ನು ಬರೀ ನೀರಿನ ಜೊತೆ ನುಂಗಬೇಕು. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ನುಂಗಿದರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ, ಅಸಿಡಿಟಿಗೆ ಕುಡಿಯುವ ಸಿರಪ್ ಜೊತೆಗೂ ಬೇಡ. ಬಿಲಾಸ್ಟಿನ್ ಅನ್ನು ಊಟಕ್ಕೆ ಒಂದು ಗಂಟೆ ಮೊದಲು ಇಲ್ಲವೇ ಎರಡು ಗಂಟೆ ನಂತರ. "ಆ ಗುಳಿಗೆ ನನಗೆ ಹತ್ತಲ್ಲ" ಅನ್ನುವ ದೂರು ಎಷ್ಟೋ ಸಲ ಜ್ಯೂಸಿನ ತಪ್ಪು.

ಎಚ್ಚರಿಕೆ ಒಂದು. ಲಿವೋಸೆಟ್ರಿಜಿನ್ ಜೊತೆ ಮಾಂಟೆಲುಕಾಸ್ಟ್ (ಉಬ್ಬಸಕ್ಕೂ ಕೊಡುವ ಔಷಧ) ಸೇರಿದ ಶೀಟು ನಮ್ಮಲ್ಲಿ ಬಹಳ ಓಡುತ್ತದೆ, ಚೀಟಿ ಇಲ್ಲದೆ ಕೇಳುವವರೂ ಇದ್ದಾರೆ. ಮಾಂಟೆಲುಕಾಸ್ಟ್ ಕೆಲವರಲ್ಲಿ ಕೆಟ್ಟ ಕನಸು, ತಳಮಳ, ಖಿನ್ನತೆ, ಸಾಯುವ ಯೋಚನೆ ತರಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ತಮ್ಮ ಅತಿ ಗಟ್ಟಿಯಾದ ಎಚ್ಚರಿಕೆ ಹಾಕಿಸಿದರು. ಬರೀ ಮೂಗಿನ ಅಲರ್ಜಿಗೆ, ಬೇರೆ ಔಷಧ ಹತ್ತದಿದ್ದರೆ ಮಾತ್ರ ಕೊಡಿ ಅಂತಲೂ ಹೇಳಿದರು. ಮೊದಲೇ ಪರೀಕ್ಷೆಯ ಒತ್ತಡದಲ್ಲಿ ಇರುವ ಹುಡುಗರಿಗೆ ಇದು ಸಣ್ಣ ವಿಷಯ ಅಲ್ಲ. ಇದನ್ನು ಉಬ್ಬಸಕ್ಕೆ ಅಂತ ಡಾಕ್ಟರ್ ಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಅವರನ್ನೇ ಕೇಳಿ. ಮನಸ್ಸಿನಲ್ಲಿ ಏನಾದರೂ ಬದಲಾವಣೆ ಕಂಡರೆ ಮಾತ್ರ ತಡ ಮಾಡದೆ ಅವತ್ತೇ ಕೇಳಿ.

ಎಚ್ಚರಿಕೆ ಎರಡು. ಮೂಗಿನ ಕಟ್ಟು ಬಿಡಿಸುವ ಹನಿಗಳು, ಅಂದರೆ ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್. ಹಾಕಿದ ಐದು ನಿಮಿಷಕ್ಕೆ ಸ್ವರ್ಗ. ಐದು ದಿನ ದಾಟಿತೋ, ಹನಿ ಇಳಿದ ಕೂಡಲೇ ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ, ಮತ್ತೆ ಹನಿ, ಮತ್ತೆ ಕಟ್ಟು. ವರ್ಷಗಟ್ಟಲೆ ಜೇಬಿನಲ್ಲಿ ಬಾಟ್ಲಿ ಇಟ್ಟುಕೊಂಡು ಓಡಾಡುವವರನ್ನು ನಾನು ನೋಡಿದ್ದೇನೆ.

ಹಂತ 4: ಮಲಗುವ ಕೋಣೆ

ಧೂಳುಹುಳ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಗಾದಿ, ತಲೆದಿಂಬು, ಕೌದಿಯೊಳಗೆ ಬದುಕುತ್ತದೆ. ಅಲರ್ಜಿ ಮುಖ್ಯವಾಗಿ ಅದರ ಹಿಕ್ಕೆಯಿಂದ. ಅದಕ್ಕೆ ತೇವ ಬೇಕು, ಗಾಳಿಯ ತೇವ ಶೇಕಡಾ 50ಕ್ಕಿಂತ ಕೆಳಗೆ ಇಳಿದರೆ ಬದುಕುವುದು ಕಷ್ಟ. ಹಾಗೆ ನೋಡಿದರೆ ನಮ್ಮ ಒಣ ಬೇಸಿಗೆ ಅದಕ್ಕೆ ಶತ್ರು. ಆದರೆ ನಾವೇನು ಮಾಡುತ್ತೇವೆ? ಕಿಟಕಿ ಮುಚ್ಚಿ ಕೂಲರ್ ಹಾಕುತ್ತೇವೆ.

ಕೂಲರ್ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಮಾರ್ಚ್ ಕೊನೆಯಲ್ಲಿ ನನ್ನ ಅಂಗಡಿಗೆ ಸೀನುತ್ತಾ ಬರುವವರಲ್ಲಿ ಬಹಳಷ್ಟು ಜನ ಹಿಂದಿನ ದಿನ ಕೂಲರ್ ಇಳಿಸಿದವರು. ಎಂಟು ತಿಂಗಳು ಅಟ್ಟದ ಮೇಲೆ ಇದ್ದ ಕೂಲರ್. ಒಳಗಿನ ಹುಲ್ಲು ಕಪ್ಪಾಗಿದೆ, ಮುಟ್ಟಿದರೆ ಪುಡಿ ಉದುರುತ್ತದೆ. ತಳದಲ್ಲಿ ಹೋದ ವರ್ಷದ ಕೆಸರು ಒಣಗಿ ಸಿಪ್ಪೆ ಎದ್ದಿದೆ. ಅದಕ್ಕೇ ಒಂದು ಕೊಡ ನೀರು ಸುರಿದು ಸ್ವಿಚ್ ಒತ್ತಿದರೆ, ಬೂಷ್ಟಿನ ಕಣಗಳೆಲ್ಲ ಸೀದಾ ಓದುವ ಮೇಜಿನ ಮೇಲೆ ಬರುತ್ತವೆ. ಹಾಗಾಗಿ ಹುಲ್ಲನ್ನು ಪ್ರತಿ ವರ್ಷ ಬದಲಿಸಿ. ಟ್ಯಾಂಕ್ ತಿಕ್ಕಿ ತೊಳೆದು ಬಿಸಿಲಿಗಿಡಿ. ಮೊದಲ ಹತ್ತು ನಿಮಿಷ ಮನೆ ಹೊರಗೆ ಬರೀ ಫ್ಯಾನ್ ಓಡಿಸಿ. ಆಮೇಲೆ ವಾರಕ್ಕೊಮ್ಮೆಯಾದರೂ ನೀರು ಪೂರ್ತಿ ಖಾಲಿ ಮಾಡಿ ಒಣಗಿಸಿ, ಡೆಂಗ್ಯೂ ಸೊಳ್ಳೆಗೂ ಇದೇ ಮದ್ದು. ಕೂಲರ್ ಓಡುವಾಗ ಒಂದು ಕಿಟಕಿ ತೆರೆದಿರಲಿ, ಗಾಳಿ ನೇರ ಮುಖಕ್ಕೆ ಬೇಡ.

ಇನ್ನು ಕೌದಿ. ಅಜ್ಜಿ ಹೊಲಿದ ಕೌದಿ ಚೆಂದವೇ, ಆದರೆ ಅದನ್ನು ವರ್ಷಕ್ಕೆ ಎಷ್ಟು ಸಲ ಒಗೆಯುತ್ತೀರಿ? ಭಾರ ಅಂತ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ. ಅಲರ್ಜಿ ಇದ್ದವರು ಒಗೆಯಲು ಸುಲಭವಾದ ತೆಳು ಹೊದಿಕೆ ಇಟ್ಟುಕೊಳ್ಳಿ. ಹಾಸು, ದಿಂಬಿನ ಕವರ್, ಹೊದಿಕೆ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು, 60 ಡಿಗ್ರಿ ಸುಮಾರಿನದು, ಕೈ ಇಡಲಾರದಷ್ಟು ಬಿಸಿ. ಗಾದಿಯನ್ನು ಮಾಳಿಗೆ ಮೇಲೆ ಉರಿಬಿಸಿಲಿಗೆ ನಾಲ್ಕೈದು ಗಂಟೆ ಹಾಕಿ, ಮಗುಚಿ ಮತ್ತೆ ಹಾಕಿ. ಬಿಸಿಲಿಗೆ ಹುಳ ಸಾಯುತ್ತದೆ, ಹಿಕ್ಕೆ ಅಲ್ಲೇ ಉಳಿಯುತ್ತದೆ. ಅದಕ್ಕೇ ಆಮೇಲೆ ಬಡಿದು ಝಾಡಿಸಬೇಕು, ಮತ್ತು ಅದನ್ನು ಅಲರ್ಜಿ ಇಲ್ಲದವರು ಮಾಡಬೇಕು. ಪಿಜಿಯಲ್ಲಿ ಗಾದಿ ಯಾರು ಯಾರು ಬಳಸಿದ್ದೋ ಗೊತ್ತಿರಲ್ಲ. ಅದಕ್ಕೆ ಜಿಪ್ ಇರುವ ದಟ್ಟ ನೇಯ್ಗೆಯ ಕವರ್ ಹಾಕಿದರೆ ಒಳ್ಳೆಯದು.

ಒಣ ಕಸಬರಿಗೆಯಲ್ಲಿ ಗುಡಿಸಿದರೆ ಧೂಳು ಎದ್ದು ಗಂಟೆಗಟ್ಟಲೆ ತೇಲುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಸೊಳ್ಳೆ ಬತ್ತಿ, ಊದಿನಕಡ್ಡಿ, ಲೋಬಾನದ ಹೊಗೆ ಓದುವ ಕೋಣೆಯಲ್ಲಿ ಬೇಡ. ಅಮ್ಮ ಒಪ್ಪಲ್ಲ ಅಂತೀರಾ? ಪೂಜೆ ಮುಗಿಯುವ ತನಕ ನೀವೇ ಹೊರಗೆ ಬನ್ನಿ, ಜಗಳ ಬೇಡ. ಸೊಳ್ಳೆಗೆ ಪರದೆ ಕಟ್ಟಿ.

ಹಂತ 5: ಹೊರಗಿನ ಧೂಳು

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಪರಾಗ, ಬೂಷ್ಟು ಅಲರ್ಜಿ ತರುವ ವಸ್ತುಗಳು. ಸಂಡೂರು ಕಡೆಯ ಅದಿರಿನ ಕೆಂಧೂಳು, ಗಿಣಿಗೇರಿ ಸುತ್ತಲಿನ ಕಾರ್ಖಾನೆ ಹೊಗೆ, ಶಕ್ತಿನಗರದ ಹಾರುಬೂದಿ ಸಾಮಾನ್ಯವಾಗಿ ಅಲರ್ಜಿ ವಸ್ತು ಅಲ್ಲ, ಅವು ಮೂಗನ್ನು ಕೆರಳಿಸುತ್ತವೆ. ಮೊದಲೇ ಅಲರ್ಜಿಯಿಂದ ಊದಿದ ಮೂಗಿಗೆ ಇದು ಗಾಯದ ಮೇಲೆ ಖಾರ ಸವರಿದ ಹಾಗೆ. ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಕೆರಳಿಸುವ ಧೂಳಿಗೆ ಅಲರ್ಜಿ ಗುಳಿಗೆ ಎಷ್ಟು ನುಂಗಿದರೂ ಅಷ್ಟಕ್ಕಷ್ಟೇ. ಅದರಿಂದ ದೂರ ಇರಬೇಕು, ಇಲ್ಲವೇ ಮಾಸ್ಕ್ ಹಾಕಬೇಕು.

ಪರಾಗದ ವಿಷಯದಲ್ಲಿ ಎರಡು ಗಿಡ ಗುರುತಿಡಿ. ಒಂದು ನಮ್ಮ ಊರ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ರಸ್ತೆ, ಕೆರೆ ಅಂಗಳ, ಖಾಲಿ ಸೈಟು ಎಲ್ಲಿ ನೋಡಿದರೂ ಅದೇ, ಹಳದಿ ಉದ್ದನೆ ಹೂಗೊಂಚಲು ಬಿಟ್ಟಾಗ ಅದರ ಪರಾಗ ಹಲವರಿಗೆ ಆಗುವುದಿಲ್ಲ. ಇನ್ನೊಂದು ಪಾರ್ಥೇನಿಯಂ, ನಮ್ಮ ಬಾಯಲ್ಲಿ ಕಾಂಗ್ರೆಸ್ ಹುಲ್ಲು. 1955ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು, ಈಗ ಮಳೆ ಬಿದ್ದ ಮೇಲೆ ಪ್ರತಿ ಬೇಲಿಯ ಬುಡದಲ್ಲೂ ಬಿಳಿ ಹೂ ಬಿಡುತ್ತದೆ. ಅದರ ಪರಾಗ ಮೂಗಿಗೂ ಸೈ, ಎಲೆ ಕಾಂಡ ತಾಗಿದರೆ ಚರ್ಮಕ್ಕೂ ಸೈ. ಕೀಳುವುದಿದ್ದರೆ ಹೂ ಬಿಡುವ ಮೊದಲು, ಕೈಗವಸು ಹಾಕಿ.

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ಭತ್ತದ ಕೊಯ್ಲು ಇನ್ನೊಂದು ಕಾಟ. ಕೊಯ್ಯುವ ಯಂತ್ರ ಎಬ್ಬಿಸುವ ಧೂಳಿನಲ್ಲಿ ಹೊಟ್ಟು, ಬೂಷ್ಟು ಎರಡೂ ಇರುತ್ತವೆ, ಆಮೇಲೆ ಹುಲ್ಲು ಸುಡುವ ಹೊಗೆ ಬೇರೆ. ರಜೆಗೆ ಊರಿಗೆ ಹೋಗಿ ಅಪ್ಪನಿಗೆ ಕೈ ಜೋಡಿಸುವವರು ಎನ್95 ಮಾಸ್ಕ್ ಹಾಕಿ, ಬಟ್ಟೆ ಕಟ್ಟಿದರೆ ಸಣ್ಣ ಕಣ ನಿಲ್ಲುವುದಿಲ್ಲ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಅರ್ಧ ದಿನ ಕೆಲಸ ಮಾಡಿ ಓದುವವರಿಗೂ ಇದೇ ಮಾತು, ಆ ನೀಲಿ ನೂಲುಧೂಳು ಮೂಗಿನೊಳಗೆ ಕೂತಿರುತ್ತದೆ.

ಮನೆಗೆ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ಅದೇ ಅಂಗಿಯಲ್ಲಿ ಹಾಸಿಗೆ ಮೇಲೆ ಬೀಳಬೇಡಿ.

ಹಂತ 6: ಮೂಗು ತೊಳೆಯುವುದು, ಸ್ಪ್ರೇ ಹೊಡೆಯುವುದು

ಅರ್ಧ ಲೀಟರ್ ನೀರನ್ನು ಐದು ನಿಮಿಷ ಕುದಿಸಿ, ಉಗುರು ಬೆಚ್ಚಗೆ ಆಗಲು ಬಿಡಿ. ಒಂದು ಟೀ ಚಮಚ ಉಪ್ಪು, ತಲೆ ಸವರಿದ ಅಳತೆ, ಮತ್ತೆ ಒಂದು ಚಿಟಿಕೆ ಅಡುಗೆ ಸೋಡಾ. ಔಷಧಿ ಅಂಗಡಿಯಲ್ಲಿ ಸಿಗುವ ಮೂಗು ತೊಳೆಯುವ ಬಾಟ್ಲಿಗೆ ತುಂಬಿ, ಬಚ್ಚಲಲ್ಲಿ ಮುಂದಕ್ಕೆ ಬಾಗಿ, ಬಾಯಲ್ಲಿ ಉಸಿರಾಡುತ್ತಾ ಒಂದು ಹೊಳ್ಳೆಗೆ ಮೆಲ್ಲಗೆ ಹಾಕಿ. ಇನ್ನೊಂದರಿಂದ ಹೊರಬರುತ್ತದೆ. ಬೋರ್‌ವೆಲ್ ನೀರು, ನಲ್ಲಿ ನೀರು, ಫಿಲ್ಟರ್ ನೀರು ಯಾವುದನ್ನೂ ಕುದಿಸದೆ ಮೂಗಿಗೆ ಹಾಕಬೇಡಿ. ಕುಡಿದರೆ ಏನೂ ಮಾಡದ ಒಂದು ಬಗೆಯ ಅಮೀಬಾ ಮೂಗಿನ ದಾರಿಯಲ್ಲಿ ಮಿದುಳಿಗೆ ಹೋಗಿ ಪ್ರಾಣ ತೆಗೆಯಬಹುದು. ಅಪರೂಪ, ಆದರೆ ಆದವರಲ್ಲಿ ಬದುಕಿದವರು ತೀರಾ ಕಡಿಮೆ.

ಇನ್ನು ಸ್ಪ್ರೇ. ಮೂಗು ಕಟ್ಟಿ ನಿದ್ದೆ ಕೆಡುವವರಿಗೆ ಡಾಕ್ಟರ್ ಸಾಮಾನ್ಯವಾಗಿ ಫ್ಲೂಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇ ಬರೆಯುತ್ತಾರೆ. ಕಟ್ಟಿನ ಮಟ್ಟಿಗೆ ಇದು ಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ನಿದ್ದೆಯೂ ತರುವುದಿಲ್ಲ. ಇದು ಸ್ಟೆರಾಯ್ಡ್ ಸ್ಪ್ರೇ, ಸ್ಟೆರಾಯ್ಡ್ ಅಂದ ಕೂಡಲೇ ಜನ ಹೌಹಾರುತ್ತಾರೆ. ಇದರ ಅಳತೆ ಬಹಳ ಸಣ್ಣದು, ಮೂಗಿನಲ್ಲೇ ಕೆಲಸ ಮುಗಿಸುತ್ತದೆ, ರಕ್ತಕ್ಕೆ ಸೇರುವುದು ತೀರಾ ಅಲ್ಪ.

ಆದರೆ ಹೊಡೆಯುವ ರೀತಿ ನೋಡಬೇಕು ನೀವು. ಅಂಗಡಿ ಮುಂದೆಯೇ ಬಾಕ್ಸ್ ಒಡೆದು, ಹನಿ ಹಾಕಿಕೊಳ್ಳುವ ಹಾಗೆ ತಲೆ ಹಿಂದಕ್ಕೆ ಎಸೆದು, ತುದಿಯನ್ನು ಮೂಗಿನ ನಡುಗೋಡೆಗೆ ಒತ್ತಿ ಎರಡು ಸಲ ಹೊಡೆದು, ಜೋರಾಗಿ ಸೊರ್ ಅಂತ ಎಳೆಯುತ್ತಾರೆ. ಔಷಧ ಗಂಟಲಿಗೆ ಇಳಿದು "ಥೂ, ಕಹಿ" ಅಂತಾರೆ. ಮೂರನೇ ದಿನ "ಏನೂ ಉಪಯೋಗ ಇಲ್ಲಣ್ಣ" ಅಂತ ಬರುತ್ತಾರೆ, ಕೆಲವರು ಮೂಗಿನಲ್ಲಿ ರಕ್ತ ಬಂತು ಅಂತಲೂ.

ಸರಿಯಾದ ರೀತಿ: ಮೊದಲು ಮೂಗು ಸೀಟಿ ಸ್ವಚ್ಛ ಮಾಡಿ. ಬಾಟ್ಲಿ ಅಲುಗಾಡಿಸಿ. ಹೊಸದಾದರೆ ಸಣ್ಣ ಮಂಜು ಬರುವ ತನಕ ಗಾಳಿಗೆ ಒತ್ತಿ. ತಲೆ ತುಸು ಮುಂದಕ್ಕೆ ಬಗ್ಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ಆಗ ತುದಿ ತಾನಾಗಿ ನಡುಗೋಡೆಯಿಂದ ದೂರ ತಿರುಗುತ್ತದೆ, ಅದೇ ಕಡೆಯ ಕಣ್ಣಿನ ಹೊರತುದಿಗೆ ಗುರಿ. ಒತ್ತುವಾಗ ಹೂ ಮೂಸುವಷ್ಟು ಮೆಲ್ಲಗೆ ಉಸಿರೆಳೆಯಿರಿ. ಸಾಕು. ದಿನಾ ಹೊಡೆಯಬೇಕು, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಮೂಗು ಕಟ್ಟಿದ ದಿನ ಮಾತ್ರ ಹೊಡೆದರೆ ದುಡ್ಡು ದಂಡ.

ಹಬೆ ತಗೊಂಡರೆ ಸ್ವಲ್ಪ ಹೊತ್ತು ಹಾಯ್ ಅನ್ನಿಸುತ್ತದೆ, ತಪ್ಪಿಲ್ಲ, ಮೈ ಸುಟ್ಟುಕೊಳ್ಳಬೇಡಿ. ಮೆಂಥಾಲ್ ಇರುವ ಬಾಮ್ ಮೂಗನ್ನು ತೆರೆಯುವುದಿಲ್ಲ, ತಣ್ಣಗಿನ ಗಾಳಿ ಹೋದಂತೆ ಭ್ರಮೆ ಕೊಡುತ್ತದೆ.

ಹಂತ 7: ಡಾಕ್ಟರ್ ಹತ್ತಿರ

ವಾರಕ್ಕೆ ನಾಲ್ಕು ದಿನಕ್ಕಿಂತ ಜಾಸ್ತಿ, ನಾಲ್ಕು ವಾರಕ್ಕಿಂತ ಜಾಸ್ತಿ ಕಾಡುತ್ತಿದ್ದರೆ, ಅಥವಾ ನಿದ್ದೆ, ಓದು, ಕೆಲಸ ಕೆಡುತ್ತಿದ್ದರೆ ಹೋಗಲೇಬೇಕು. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಮೂರೂ ಕಡೆ ಕಿವಿ ಮೂಗು ಗಂಟಲು ವಿಭಾಗ ಕೇಳಿ. ನೋಟ್‌ಬುಕ್ ಮತ್ತು ಗುಳಿಗೆ ಶೀಟು ಒಯ್ಯಿರಿ. "ಸೀನು ಬರ್ತದೆ" ಅನ್ನುವ ಬದಲು "ಹತ್ತು ದಿನದಲ್ಲಿ ಆರು ದಿನ ನಿದ್ದೆ ಕೆಟ್ಟಿದೆ" ಅಂದರೆ ಚಿಕಿತ್ಸೆಯೇ ಬೇರೆ ಆಗಬಹುದು.

ಪರೀಕ್ಷೆ ಬೇಕು ಅಂದರೆ ಚರ್ಮದ ಮೇಲೆ ಹನಿ ಇಟ್ಟು ಚುಚ್ಚಿ ನೋಡುತ್ತಾರೆ. ಅದಕ್ಕೆ ಸುಮಾರು ಒಂದು ವಾರ ಮೊದಲು ಅಲರ್ಜಿ ಗುಳಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಫಲಿತಾಂಶ ಸುಳ್ಳಾಗುತ್ತದೆ, ಎಷ್ಟು ದಿನ ಅಂತ ಅವರನ್ನೇ ಕೇಳಿ. ಇನ್ನೂರು ವಸ್ತುಗಳ ಪಟ್ಟಿ ಕೊಡುವ ದುಬಾರಿ ರಕ್ತ ಪರೀಕ್ಷೆಗೆ ನೀವಾಗಿ ಹೋಗಬೇಡಿ. ಅದು ಬದನೆಕಾಯಿಯಿಂದ ಹಿಡಿದು ಎಲ್ಲದಕ್ಕೂ ಗೀಟು ಹಾಕುತ್ತದೆ, ಲಕ್ಷಣ ಇಲ್ಲದೆ ಬರೀ ಗೀಟಿಗೆ ಅರ್ಥ ಇಲ್ಲ.

"ಒಂದು ಸೂಜಿ ಮಾಡಿಸ್ಕೋ, ಆರು ತಿಂಗಳು ಆರಾಮ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅದು ಬಹಳ ಸಲ ದೀರ್ಘಕಾಲ ಉಳಿಯುವ ಸ್ಟೆರಾಯ್ಡ್ ಸೂಜಿ. ಮೂಗಿನ ಅಲರ್ಜಿಗೆ ಅದು ಬೇಡ ಅಂತಲೇ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಅದನ್ನು ಇಮ್ಯುನೋಥೆರಪಿ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಇಮ್ಯುನೋಥೆರಪಿ ಅಂದರೆ ಅಲರ್ಜಿ ವಸ್ತುವನ್ನೇ ಸಣ್ಣ ಅಳತೆಯಲ್ಲಿ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವುದು, ತಜ್ಞರೇ ಮಾಡಬೇಕು, ಮೂರು ವರ್ಷವಾದರೂ ಹಿಡಿಯುತ್ತದೆ.

ಹಂತ 8: ಓದಿನ ವೇಳೆ, ಪರೀಕ್ಷೆಯ ದಿನ

ಬೆಳಿಗ್ಗೆ ಸೀನು ಜಾಸ್ತಿ ಇರುವವರು ನಸುಕಿನ ನಾಲ್ಕಕ್ಕೆ ಎದ್ದು ಕಷ್ಟದ ಪಾಠ ಹಿಡಿಯುವ ಹಠ ಬಿಡಿ. "ಬ್ರಾಹ್ಮೀ ಮುಹೂರ್ತದಾಗ ಓದಿದ್ದು ಮರೆಯಂಗಿಲ್ಲ" ಅನ್ನುವ ಮಾತು ಮೂಗು ಸರಿ ಇದ್ದವರಿಗೆ. ನಿಮ್ಮ ನೋಟ್‌ಬುಕ್‌ನಲ್ಲಿ ಯಾವ ಹೊತ್ತಿಗೆ ನಿಮಿಷ ಜಾಸ್ತಿ ಇದೆಯೋ ಅದು ನಿಮ್ಮ ಮುಹೂರ್ತ.

ಹೊಸ ಗುಳಿಗೆಯನ್ನು ಪರೀಕ್ಷೆಯ ದಿನ ಮೊದಲ ಸಲ ನುಂಗಬೇಡಿ. ಎರಡು ವಾರ ಮೊದಲೇ, ಮನೆಯಲ್ಲಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವ ದಿನ ನುಂಗಿ ನೋಡಿ. ಸ್ಪ್ರೇ ಅಂತೂ ಆ ಹೊತ್ತಿಗೆ ಶುರುವಾಗಿರಲೇಬೇಕು. ಹಿಂದಿನ ರಾತ್ರಿ ಗೆಳೆಯ ಕೊಟ್ಟ "ಒಳ್ಳೇ ಗುಳಿಗೆ" ಬೇಡ. ಎರಡು ಹತ್ತಿ ಕರ್ಚೀಫ್ ಇಟ್ಟುಕೊಳ್ಳಿ. ಹಾಲ್‌ಗೆ ಸ್ವಲ್ಪ ಮೊದಲೇ ಹೋಗಿ ನಿಮ್ಮ ನಂಬರಿನ ಡೆಸ್ಕ್ ನೋಡಿ, ಧೂಳಿದ್ದರೆ ಒದ್ದೆ ಕರ್ಚೀಫಿನಲ್ಲಿ ಒರೆಸಿಕೊಳ್ಳಿ. ಫ್ಯಾನೋ ಕೂಲರೋ ನೇರ ಮುಖಕ್ಕೆ ಬೀಸುತ್ತಿದ್ದರೆ ಮೇಲ್ವಿಚಾರಕರಿಗೆ ಆಗಲೇ ಹೇಳಿ, ಗಂಟೆ ಹೊಡೆದ ಮೇಲೆ ಅವರು ಕೂಲರ್ ತಿರುಗಿಸಲು ಬರುವುದಿಲ್ಲ.